ಅದೇ ಟಗರಿನ ರಕ್ತ

ನನ್ನ ಹೆಸರಿನಲ್ಲಿ ಅಚ್ಚಾದ ಲೇಖನಗಳಲ್ಲಿ ಬೇರೆ ವಿಜ್ಞಾನಿಗಳು ಓದಿ, ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಉಲ್ಲೇಖಿಸಿದ್ದು ಒಂದನ್ನೇ. ಎಪ್ಪತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ಲ್ಯಾಬೊಂದರಲ್ಲಿ ರೋಗನಿರೋಧಕ ಶಕ್ತಿಯ ಮೇಲೆ ಕೆಲಸ ಮಾಡುತ್ತಿದ್ದೆ. ಮನುಷ್ಯರ ರಕ್ತದ ಕೆಲವು ಬಿಳಿಕಣಗಳ ಸುತ್ತ ಕುರಿಯ ಕೆಂಪುಕಣಗಳು ಸೇವಂತಿಗೆ ಎಸಳಿನ ಹಾಗೆ ಅಂಟಿಕೊಳ್ಳುತ್ತವೆ. ಆ ಹೂಗಳನ್ನು ಎಣಿಸಿದರೆ ರೋಗಿಯ ಮೈ ಎಷ್ಟು ತಡೆಯಬಲ್ಲದು ಎಂಬ ಅಂದಾಜು ಸಿಗುತ್ತದೆ. ಆದರೆ ಕುರಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ನನ್ನ ಲೆಕ್ಕ ಕದಲುತ್ತಿರಲಿಲ್ಲ, ಯಾಕೆಂದರೆ ನಾನು ಬಹುಕಾಲ ಒಂದೇ ಟಗರಿನ ರಕ್ತ ಬಳಸಿದ್ದೆ. ಎಲ್ಲರೂ ಮೆಚ್ಚಿದ್ದು ಅದನ್ನೇ.

ಟಗರು ನನ್ನ ಅಕ್ಕನದು. ನಮ್ಮೂರು ತೋವಿನಕೆರೆ ಮಗ್ಗುಲಿಗೆ. ಅಕ್ಕನನ್ನು ಶಿರಾ ಕಡೆ ಕುರಿ ಸಾಕುವವರ ಮನೆಗೆ ಕೊಟ್ಟಿದ್ದರು. ಯಾವಾಗ ಬಂದರೂ ಅದೇ ಕುರಿ ಬೇಕು ಎಂದಾಗ ಅವಳು ನಕ್ಕಿದ್ದಳು.

"ಇವೆಲ್ಲ ಸಂತೆಗೆ ಹೋಗೋವು ಕಣ್ಲಾ. ಮಾರದೆ ಇಕ್ಕಂಡಿರೋದು ಇದೊಂದೇಯ. ಇದ್ರಾಗೆ ತಗೋ. ಸಾಯಲ್ಲ ತಾನೆ?"

"ಸಾಯಲ್ಲಕ್ಕ."

ಯಾಕೆ ಮಾರುವುದಿಲ್ಲ ಎಂದು ಕೇಳಿದೆನೋ ಇಲ್ಲವೋ. ಕೊಂಬಿನಲ್ಲಿದ್ದ ಅರಿಶಿನದ ದಾರ ನನ್ನ ಬೆರಳಿಗೆ ತಾಗಿತ್ತು ಎಂದೊಂದು ನೆನಪಿದೆ. ಅಕ್ಕ ಅದನ್ನು ಒಪ್ಪುವುದಿಲ್ಲ. ದಾರ ಕಟ್ಟಿದ್ದು ದೇವರಿಗೆ ಒಪ್ಪಿಸುವ ದಿನ ಅನ್ನುತ್ತಾಳೆ, ಆ ದಿನ ನಾನು ಅಲ್ಲಿರಲಿಲ್ಲ. ಬಹುಶಃ ಆಮೇಲೆ ನೆನಪಿನಲ್ಲಿ ನಾನೇ ಕಟ್ಟಿಕೊಂಡ ದಾರ.

ಅದು ಹರಕೆಯ ಟಗರು. ಕೂಸಾಗಿದ್ದಾಗ ಅಕ್ಕನ ಮಗಳಿಗೆ ಕಾಮಾಲೆಯಾಗಿ, ಉಳಿದರೆ ಟಗರು ಒಪ್ಪಿಸಿ ಮುಡಿ ಕೊಡುತ್ತೇವೆ ಎಂದು ಹೊತ್ತುಕೊಂಡಿದ್ದರು. ಟಗರು ಬಲಿಯುವವರೆಗೆ ಮಗುವಿನ ತಲೆಗೆ ಕತ್ತರಿ ತಾಗಿಸುವಂತಿರಲಿಲ್ಲ. ಒಪ್ಪಿಸುವ ದಿನ ಪೂಜಾರಿಯ ಕಣ್ಣಿಗೆ ಟಗರಿನ ಕತ್ತಿನ ಬೋಳು ಜಾಗ ಬಿತ್ತು. ನರ ಕಾಣಲೆಂದು ನಾನು ಪ್ರತಿಸಲ ಉಣ್ಣೆ ಕತ್ತರಿಸುತ್ತಿದ್ದ ಜಾಗ. ಅಕ್ಕ ಸುಳ್ಳು ಹೇಳಲಾಗದೆ ಇದ್ದದ್ದನ್ನು ಹೇಳಿದಳು.

"ಯಾರೋ ಆಗ್ಲೇ ರಕ್ತ ತಗಂಡವ್ರೆ. ಎಂಜಲು ತಂದು ದೇವ್ರಿಗಿಕ್ತೀರೇನ್ರವ್ವಾ?" ಎಂದನಂತೆ ಪೂಜಾರಿ.

ದೇವರ ಹೆಸರಿಗೆ ಇನ್ನೊಂದು ಮರಿ ಬಿಟ್ಟು, ಅದು ಬಲಿಯುವವರೆಗೆ ಕಾಯಬೇಕಾಯಿತು. ಹುಡುಗಿ ಆ ಜಡೆಗಟ್ಟಿದ ತಲೆಯಲ್ಲೇ ಶಾಲೆಗೆ ಸೇರಿದಳು. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ನನಗೆ ಹರಕೆಯಲ್ಲಿ ನಂಬಿಕೆಯಿಲ್ಲ, ಆದರೆ ಹೇನನ್ನು ನಂಬಲೇಬೇಕಲ್ಲ.

ಅತ್ತ ನನ್ನ ಲೇಖನದ ಪ್ರತಿ ಬೇಕೆಂದು ಹೊರದೇಶದ ಕಾರ್ಡುಗಳು ಬರುತ್ತಿದ್ದವು. ಲೈಬ್ರರಿಯಲ್ಲಿ ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ ದಪ್ಪ ಸಂಪುಟಗಳಿದ್ದವು. ಪ್ರತಿ ಹೊಸ ಸಂಪುಟದಲ್ಲೂ ನನ್ನ ಹೆಸರಿನ ಕೆಳಗಿನ ಸಾಲುಗಳು ಉದ್ದವಾಗುತ್ತಿದ್ದವು. ಅದನ್ನು ನೋಡಿ ಹಿಗ್ಗುವಾಗಲೆಲ್ಲ ಆ ಕೂದಲು ನೆನಪಾಗುತ್ತಿತ್ತು. ಆಮೇಲೆ ವಿಜ್ಞಾನಿಯೊಬ್ಬರು ನನಗೆ ಬರೆದರು: ಪ್ರಾಣಿಗೆ ವಯಸ್ಸಾದ ಮೇಲೂ ಲೆಕ್ಕ ಹಾಗೇ ನಿಲ್ಲುತ್ತದೆಯೇ, ಅದೇ ಟಗರಿನಲ್ಲಿ ನೋಡಬಹುದೇ?

ಶಿರಾದಲ್ಲಿ ಬಸ್ಸಿಳಿದು, ಸೋಡಾ ಅಂಗಡಿಯಲ್ಲಿ ಫ್ಲಾಸ್ಕಿಗೆ ಐಸು ತುಂಬಿಸಿಕೊಂಡು ಹೋದೆ.

ಜಗಲಿಯ ಮೇಲಿದ್ದ ಅಕ್ಕನ ಅತ್ತೆ, "ಬಾರಪ್ಪಾ," ಎಂದರು. "ನೀನು ಕುಡ್ದು ಮಿಕ್ಕಿದ್ದು ಅಂತ ದೇವ್ರೇ ಬ್ಯಾಡ ಅಂತು. ಈಗ ಯಾರ ರಕ್ತಕ್ಕೆ ಬಂದೆ?"

ಅಕ್ಕ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. "ಆ ಟಗರು ಇದೆಯಾ?" ಎಂದೆ.

"ಇಲ್ದೆ ಎಲ್ಲೋಯ್ತದೆ? ದೇವ್ರು ಬ್ಯಾಡ ಅಂದಿದ್ದನ್ನ ಯಾರ್ಲಾ ಕೊಂಡ್ಕೊತಾರೆ?"

"ಹರಕೇದು ಅಂತ ಗೊತ್ತಿದ್ದೂ ಯಾಕಕ್ಕ ಕೊಟ್ಟೆ?"

"ಸಾಯಲ್ಲ ಅಂದೆಯಲ್ಲ. ಒಪ್ಸೋ ದಿನ ಉಸಿರಿದ್ರೆ ಸಾಕು ಅಂದ್ಕಂಡೆ." ಅವಳು ನನ್ನ ಚೀಲದ ಕಡೆ ನೋಡಿದಳು. "ಸೂಜಿ ತಂದಿದ್ದೀಯ ತಾನೆ? ತಗೋ. ಇನ್ನೇನು ಕೆಡಕ್ಕೈತೆ ಅದ್ರಾಗೆ."

ಬೇಡ ಅಂದು ಬರಿಗೈಯಲ್ಲಿ ಬಸ್ಸು ಹತ್ತಿದೆ ಎಂದು ನೆನೆಯಲು ನನಗೆ ಇಷ್ಟ. ಎಷ್ಟೋ ಸಲ ಹಾಗೇ ನೆನೆದಿದ್ದೇನೆ. ಆದರೆ ನನ್ನ ಎರಡನೆಯ ಲೇಖನದ ಅಂಕಿಗಳೆಲ್ಲ ಅದೇ ಟಗರಿನವು. ಅಕ್ಕ ಕೊಂಬು ಹಿಡಿದಿದ್ದಳು. ಶಾಲೆಯಿಂದ ಬಂದ ಮಗಳು ತಲೆ ಕೆರೆದುಕೊಳ್ಳುತ್ತ ಅವಳ ಸೆರಗಿಗೆ ಆತು ನಿಂತಿದ್ದಳು. ಕತ್ತಿನಲ್ಲಿ ಉಣ್ಣೆ ಮತ್ತೆ ಬೆಳೆದೇ ಇರಲಿಲ್ಲ. ಆ ಸಲ ನನಗೆ ಕತ್ತರಿ ಬೇಕಾಗಲಿಲ್ಲ.