ಆನೆಸೀಲಿಗೆ ಎಸೆದ ಉಂಡೆ

ಇದನ್ನು ಹೇಳುವುದನ್ನು ನಾನು ವರ್ಷಗಳಿಂದ ಮುಂದೂಡುತ್ತ ಬಂದೆ. ಮಗಳು ದೊಡ್ಡವಳಾಗಲಿ ಎಂದುಕೊಂಡೆ, ಆಮೇಲೆ ರಿಟೈರಾಗಲಿ ಎಂದುಕೊಂಡೆ. ಈಗ ನೆಪವೂ ಉಳಿದಿಲ್ಲ, ಕಾಲವೂ ಹೆಚ್ಚಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಹೈಸ್ಕೂಲು ಮುಗಿಸಿ ಅಮೆರಿಕಕ್ಕೆ ಬಂದವನು ನಾನು. ಪಶ್ಚಿಮ ಕರಾವಳಿಯ ಹೇವರ್ಡ್ ಊರಿನ ಗೋದಾಮೊಂದರಲ್ಲಿ ಪೆಟ್ಟಿಗೆ ಏರಿಸಿ ಇಳಿಸುವ ಕೆಲಸ. ಹೆಂಡತಿ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಂತಿ ಬೆಸೆಯುತ್ತಿದ್ದಳು. ಡಿಸೆಂಬರಿನ ಕೊನೆಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಅತ್ತೆ ಮಂಡ್ಯದ ಹತ್ತಿರದ ಹಳ್ಳಿಯಿಂದ ಮೊದಲ ಸಲ ವಿಮಾನ ಹತ್ತಿ ಬಂದರು. ಊರಿನ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅವರದು. ನಮ್ಮ ಅಪಾರ್ಟ್‌ಮೆಂಟಿನ ಬಚ್ಚಲಲ್ಲೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ ಅದು ಅಳುವುದನ್ನೇ ಮರೆಯುತ್ತಿತ್ತು.

ಅತ್ತೆಗೂ ನನಗೂ ಇದ್ದದ್ದು ಒಂದೇ ಜಗಳ. ಮೂರು ತಿಂಗಳು ಬಾಣಂತಿ ಹೊಸ್ತಿಲು ದಾಟಕೂಡದು ಎಂದು ಅವರು. ಅವಳು ಫೆಬ್ರವರಿ ಶುರುವಿಗೆ ಕಾರ್ಖಾನೆಗೆ ಹೋಗದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ನಾನು. ಹೆಂಡತಿಗೆ ಆಗಾಗ ಜ್ವರ ಬಂದು ಹೋಗುತ್ತಿತ್ತು. ನಿಂತರೆ ಕಾಲು ನಡುಗುತ್ತಿತ್ತು. ಅವಳು ತಾಯಿಯ ಮುಖ ನೋಡಿ ಸುಮ್ಮನಾಗುವಳು, ನನ್ನ ಮುಖ ನೋಡಿಯೂ ಸುಮ್ಮನಾಗುವಳು.

ಜನವರಿಯ ಕೊನೆಯಲ್ಲಿ ಗೋದಾಮಿನ ಗೆಳೆಯನೊಬ್ಬ ತನಗೆ ಹೋಗಲಾಗದ ಪ್ರವಾಸವೊಂದರ ಎರಡು ಟಿಕೆಟ್ ಕೊಟ್ಟ. ಹಾಫ್ ಮೂನ್ ಬೇ ಊರು ದಾಟಿ ದಕ್ಷಿಣಕ್ಕೆ ಹೋದರೆ ಮರಳುದಿಬ್ಬಗಳ ತೀರವೊಂದಿದೆ. ಚಳಿಗಾಲದಲ್ಲಿ ಆನೆಸೀಲ್ ಎಂಬ ಭಾರೀ ಕಡಲಪ್ರಾಣಿಗಳು ಮರಿ ಹಾಕಲು ಕಡಲು ಬಿಟ್ಟು ಅಲ್ಲಿಗೆ ಬರುತ್ತವೆ. "ಅಮ್ಮ ಬಂದಾಗಿಂದ ಈ ಗೋಡೆ ಬಿಟ್ಟು ಏನೂ ನೋಡಿಲ್ಲ, ಕರ್ಕೊಂಡು ಹೋಗಿ" ಎಂದಳು ಹೆಂಡತಿ. ಪಕ್ಕದ ಮನೆಯಾಕೆ ಅವಳ ಜೊತೆ ಕೂರಲು ಒಪ್ಪಿದಳು.

ಅತ್ತೆ ದಿಬ್ಬ ಹತ್ತಿ ನಿಂತವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ತೀರದ ತುಂಬ ಬರೀ ಮೈಗಳು. ಗಬ್ಬುನಾತ, ಗೊರಗೊರ ಸದ್ದು.

"ಆನೆ ಅಂದ್ರಿ, ಕಾಲೇ ಇಲ್ವಲ್ಲ ಅಳಿಮಯ್ಯ."

"ಗಂಡಿನ ಮೂಗು ನೋಡಿ ಅತ್ತೆ. ಅದಕ್ಕೇ ಆ ಹೆಸರು."

"ಥೂ, ಅದೇನ್ ಮೂಗು. ನಿಮ್ ದೊಡ್ಡಪ್ಪಂದೇ ವಾಸಿ."

ನಮ್ಮ ಗುಂಪಿನ ಗೈಡ್ ನಡುವಯಸ್ಸಿನ ಅಮೆರಿಕನ್ ಹೆಂಗಸು. ಆಕೆ ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಹೆಣ್ಣು ದಡಕ್ಕೆ ಬಂದ ಕೆಲವೇ ದಿನಕ್ಕೆ ಒಂದು ಮರಿ ಹಾಕುತ್ತದೆ. ನಾಲ್ಕು ವಾರದಷ್ಟು ಹಾಲು ಕೊಡುತ್ತದೆ. ಆಮೇಲೆ ಮರಿಯನ್ನು ಅಲ್ಲೇ ಬಿಟ್ಟು ಕಡಲಿಗೆ ಹೊರಟುಹೋಗುತ್ತದೆ. ಈಜುವುದನ್ನೂ ಬೇಟೆಯನ್ನೂ ಮರಿ ತಾನೇ ಕಲಿಯಬೇಕು.

"ಕೇಳಿದ್ರಾ ಅತ್ತೆ? ನಾಲ್ಕೇ ವಾರ. ಆಮೇಲೆ ಕೆಲಸಕ್ಕೆ" ಎಂದು ಚುಚ್ಚಿದೆ.

ಅವರು ಅದಕ್ಕೆ ಜಗ್ಗಲಿಲ್ಲ. "ಆ ನಾಲ್ಕು ವಾರ ಬಾಣ್ತಿಗೆ ತಿನ್ನಾಕೆ ಏನ್ ಕೊಡ್ತಾರೆ, ಅದ ಕೇಳಿ."

ಕೇಳಿದೆ. ಏನೂ ತಿನ್ನುವುದಿಲ್ಲ, ಮೈಯ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ, ಹೊರಡುವಾಗ ಚರ್ಮ ಜೋತುಬಿದ್ದಿರುತ್ತದೆ ಎಂದಳು ಆಕೆ.

"ಬಾಣ್ತಿ ಉಪಾಸವಾ?" ಅತ್ತೆ ಸುತ್ತ ನಿಂತವರನ್ನು ನೋಡಿದರು. "ಇಷ್ಟ್ ಜನ ಸುಮ್ನೆ ನೋಡ್ಕಂಡ್ ನಿಂತವ್ರಲ್ಲ."

ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ಅವರ ಕಡೆ ಇಲ್ಲ. ಮಗಳಿಗೆಂದು ಕಟ್ಟಿದ್ದ ಕೊಬ್ಬರಿ ಬೆಲ್ಲದ ಉಂಡೆಗಳಲ್ಲಿ ಎರಡನ್ನು ದಾರಿಗೆ ತಂದಿದ್ದರು. ನಾನು ಕಡಲ ಕಡೆ ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು ದಿಬ್ಬ ಇಳಿದು, ಹತ್ತಿರದ ತಾಯಿಯೊಂದರ ಮುಂದೆ ಉಂಡೆ ಎಸೆದಿದ್ದರು. ಅದು ತಲೆಯೆತ್ತಿ ಅರಚಿತು. ಅದೇ ಗಳಿಗೆಗೆ ಅದರ ಹಿಂದಿನಿಂದ ದೊಡ್ಡ ಗಂಡೊಂದು ನುಗ್ಗಿ ಬಂತು. ಅಷ್ಟು ದಪ್ಪದ ಪ್ರಾಣಿ ಓಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ತಾಯಿಯ ಪಕ್ಕದಲ್ಲಿದ್ದ ಕಪ್ಪು ಮರಿಯ ಮೇಲೆ ಅದರ ಇಡೀ ಮೈ ಹಾದುಹೋಯಿತು. ಮರಿ ಮರಳಲ್ಲಿ ಹೂತುಹೋಗಿತ್ತು. ಮತ್ತೆ ಅಲುಗಲಿಲ್ಲ. ತಾಯಿ ಅದನ್ನು ಮೂಸುತ್ತ ಕೂಗತೊಡಗಿತು.

ಗೈಡ್ ಓಡಿಹೋಗಿ ಅತ್ತೆಯನ್ನು ಎಳೆದು ತಂದಳು. ನಾನು ಎಲ್ಲರ ಎದುರು, "ಏನ್ ಮಾಡಿದ್ರಿ ಅತ್ತೆ, ಹಸುಗೂಸು ಅದು" ಎಂದು ಗದರಿದೆ. ಗೈಡ್ ಅತ್ತೆಯ ಕೈ ಹಿಡಿದುಕೊಂಡು ನನಗೆ ಹೇಳಿದಳು: ಕೆಳಗೆ ಇಳಿದದ್ದು ತಪ್ಪು, ಆದರೆ ಮರಿ ಸತ್ತದ್ದು ಇವರಿಂದ ಅಲ್ಲ. ಆ ಗಂಡು ಆಚೆಗಿದ್ದ ಇನ್ನೊಂದು ಗಂಡನ್ನು ಅಟ್ಟಿಕೊಂಡು ಹೊರಟಿತ್ತು. ಪ್ರತಿ ಚಳಿಗಾಲವೂ ಮರಿಗಳು ಹೀಗೆ ಸಾಯುತ್ತವೆ. ದಯವಿಟ್ಟು ಅವರಿಗೆ ಹೇಳಿ.

ಹೇಳಿ ಎಂದು ನನ್ನನ್ನೇ ನೋಡುತ್ತ ನಿಂತಳು.

ನಾನು ಅತ್ತೆಯ ಕಡೆ ತಿರುಗಿ, "ಇನ್ನು ಮುಂದೆ ನೀವು ಯಾವುದಕ್ಕೂ ಕೈ ಹಾಕಬೇಡಿ ಅಂತಿದ್ದಾರೆ" ಎಂದೆ.

ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಯೋಚಿಸಿ ಆಡಿದ್ದಲ್ಲ. ಆದರೆ ಆಡಿದ ಕೂಡಲೇ ಅದರಿಂದ ನನಗೇನು ಲಾಭ ಎಂದು ಗೊತ್ತಾಯಿತು, ತಿದ್ದಲಿಲ್ಲ. ನಾನು ಸಮಾಧಾನ ಹೇಳಿದೆನೆಂದು ತಿಳಿದು ಗೈಡ್ ಅತ್ತೆಯನ್ನು ನೋಡಿ ನಕ್ಕಳು. ಅತ್ತೆ ಆಕೆಗೆ ಕೈಮುಗಿದರು.

ಆಮೇಲೆ ಮೂರು ತಿಂಗಳ ಮಾತನ್ನು ಅವರು ಎತ್ತಲಿಲ್ಲ. ಫೆಬ್ರವರಿ ಶುರುವಿಗೆ ಹೆಂಡತಿ ಕೆಲಸಕ್ಕೆ ಹೋದಳು. ಅದೇ ವಾರ ಕೆಲಸದ ಮೇಜಿನ ಪಕ್ಕ ಕುಸಿದುಬಿದ್ದು ಆಸ್ಪತ್ರೆ ಸೇರಿದಳು. ಹೆರಿಗೆಯ ನಂಜು ಒಳಗೇ ಉಳಿದಿತ್ತು. ಅವಳು ಬದುಕಿದಳು, ಅದು ನನ್ನ ಪುಣ್ಯದಿಂದಲ್ಲ. ಅವಳಿಲ್ಲದ ಮನೆಯಲ್ಲಿ ಕೂಸು ಅಳುತ್ತಿದ್ದರೆ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು, "ನೀವೇ ನೀರು ಹಾಕಿ ಅಳಿಮಯ್ಯ, ನನ್ನ ಕೈ ಒಳ್ಳೇದಲ್ಲ" ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. ಕೂಸನ್ನು ಹೇಗೆ ಹಿಡಿಯಬೇಕೆಂದು ಮಾತ್ರ ಕೇಳಿದೆ.

ಊರಿಗೆ ಮರಳಿದ ಮೇಲೆ ಯಾರು ಕರೆದರೂ ಅವರು ಕೂಸುಗಳಿಗೆ ನೀರು ಹಾಕಲು ಹೋಗಲಿಲ್ಲವಂತೆ. "ಅಮ್ಮಂಗೆ ಏನಾಯ್ತೋ ಗೊತ್ತಿಲ್ಲ ಭಾವ" ಎಂದು ಭಾವಮೈದುನ ಫೋನಿನಲ್ಲಿ ಹೇಳಿದ. ಲೈನು ಸರಿಯಿಲ್ಲ ಎಂದು ಫೋನಿಟ್ಟೆ.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಒಂದು ಪ್ರಾಣಿಯ ಕೂಸನ್ನು ಕೊಂದದ್ದು ತಾವೇ ಎಂದು ನಂಬಿ ಹೋದರು. ಹೆಂಡತಿಗೂ ನಾನು ಹೇಳಿಲ್ಲ, ಅವಳು ಇದನ್ನು ಓದಿಯೇ ತಿಳಿಯಬೇಕು. ಅವಳ ಕ್ಷಮೆಯನ್ನು ಇನ್ನೂ ಕೇಳಬಹುದು. ಕೇಳಲಾಗದೆ ಹೋದದ್ದು ಅವಳನ್ನು ಹೆತ್ತವರದು, ನನ್ನ ಅತ್ತೆಯದು.