ಬೀಗತಿಯ ಜೋಡಿ ಗಾಜಿನ ಫೋಟೊ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವುದೂ ಒಂದು ಪ್ರವಾಸವೇ ಎಂದು ನಮ್ಮ ಮನೆಯವರು ನಕ್ಕರು. ನಗಲಿ ಬಿಡಿ. ಇಪ್ಪತ್ತು ಕಿಲೋಮೀಟರು ದಾರಿ, ಹೆಂಗಸರಿಗೆ ಟಿಕೆಟ್ಟೂ ಪುಕ್ಕಟೆ. ಆದರೆ ಅಲ್ಲಿರುವುದು ನನ್ನ ಬೀಗತಿ ನೀಲಮ್ಮ. ಮಗಳು ಸುಮಾಳಿಗೆ ಈಗ ಏಳು ತಿಂಗಳು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಾಗುವುದು ರೂಢಿ. ಅವಳ ಅತ್ತೆ ಮಾತ್ರ, ದವಾಖಾನೆ ಹತ್ತಿರವಿದೆ, ಇಲ್ಲೇ ಆಗಲಿ ಎಂದು ಹಟ ಹಿಡಿದಿದ್ದರು. ಇವತ್ತು ಒಪ್ಪಿಸಿಯೇ ಬರುತ್ತೇನೆಂದು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಬೀಗತಿ ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಬಾಣಂತನದ ಮಾತು ಬಂದಾಗಲೆಲ್ಲ ಅಡುಗೆಮನೆಗೆ ಎದ್ದುಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ಸುಮಾ ನಮ್ಮಿಬ್ಬರನ್ನೂ ತನ್ನ ಗೆಳತಿ ಸಬಿಹಾಳ ಮನೆಗೆ ಎಳೆದುಕೊಂಡು ಹೋದಳು. ಗಾಜಿಗೆ ಔಷಧಿ ಸುರಿದು, ಅದು ಒಣಗುವ ಮೊದಲೇ ಫೋಟೊ ತೆಗೆಯುವ ಹಳೆಯ ಪದ್ಧತಿ ಆ ಹುಡುಗಿಗೆ ಗೊತ್ತು. ಸಂಬಂಧಿಕರನ್ನು ಇಬ್ಬಿಬ್ಬರಾಗಿ ಕೂರಿಸಿ ತೆಗೆಯುತ್ತಾಳಂತೆ. ಎರಡು ಜಡೆ ಕೂಡುತ್ತವೋ ಇಲ್ಲವೋ ನೋಡೋಣ ಎಂದು ಸುಮಾ ಚಾಷ್ಟಿ ಮಾಡಿದಳು.

ಸಬಿಹಾ ನಮ್ಮ ತಲೆ ಅಲ್ಲಾಡದಂತೆ ಹಿಂದೆ ಕಬ್ಬಿಣದ ಆಸರೆ ನಿಲ್ಲಿಸಿದಳು. ಕ್ಯಾಮೆರಾದ ಮುಚ್ಚಳ ತೆಗೆದ ಮೇಲೆ ಮಾತು ಕೂಡದು, ಅಲುಗಿದರೆ ಮುಖ ಮಸುಕಾಗುತ್ತದೆ, ಕೈ ಕೈ ಹಿಡಿದುಕೊಳ್ಳಿ ಎಂದಳು. ಬೀಗತನವಾದಾಗಿನಿಂದ ನಾನು ಆ ಕೈ ಹಿಡಿದವಳಲ್ಲ. ತಣ್ಣಗಿತ್ತು, ಬೆವೆತಿತ್ತು. ಮುಚ್ಚಳ ತೆಗೆಯುವ ಮುಂಚೆ ಬೀಗತಿ ಮುಂದೆ ನೋಡುತ್ತಲೇ ಮೆಲ್ಲಗೆ ಹೇಳಿದರು.

"ಅಕ್ಕಾರ, ನನಗ ಹೆಣ್ಣುಮಕ್ಕಳಿಲ್ಲ. ಸುಮಾ ಬಂದಮ್ಯಾಲೆ ಮನ್ಯಾಗ ನನ್ನ ಜೋಡಿ ಮಾತಾಡೂ ಜೀವ ಒಂದು ಆತು. ಅಷ್ಟು ತಿಂಗಳು ಅಕೀನ್ನ ಬಿಟ್ಟು ಹೆಂಗ ಇರ್ಲಿ?"

ಮುಚ್ಚಳ ತೆರೆಯಿತು. ಉತ್ತರ ಕೊಡುವಂತಿಲ್ಲ. ಇಷ್ಟು ದಿನ ಈಕೆಯನ್ನು ಮೊಂಡಿ ಎಂದುಕೊಂಡಿದ್ದೆನಲ್ಲ ಎಂದು ಅವರ ಕೈಯನ್ನು ಗಟ್ಟಿಯಾಗಿ ಹಿಡಿದೆ.

ಗಾಜು ತೊಳೆದಾಗ ಬೀಗತಿಯ ಮುಖ ನೆರಿಗೆ ನೆರಿಗೆಯೂ ಕಾಣುವಷ್ಟು ಸ್ಪಷ್ಟ. ಮಸುಕಾಗಿದ್ದು ನನ್ನದು. ಇನ್ನೊಂದು ತೆಗೆಯಲೇ ಎಂದು ಸಬಿಹಾ ಕೇಳಿದಳು, ಬೇಡವೆಂದೆ.

ಬಸ್ ನಿಲ್ದಾಣಕ್ಕೆ ಬೀಗತಿಯೇ ಕಳಿಸಲು ಬಂದರು. ಸುಮಾಳನ್ನು ಹೆರಿಗೆಗೆ ಕರೆದುಕೊಂಡು ಹೋಗಿ, ರೂಢಿ ಮುರಿಯುವುದು ಬೇಡ ಎಂದು ಮುಖ ತಿರುಗಿಸಿದರು. ಗೆದ್ದೆ, ಆದರೆ ಖುಷಿ ಆಗಲಿಲ್ಲ.

"ಅಕೀ ಜೋಡಿ ನೀವೂ ಬರ್ರಿ," ಅಂದೆ.

ಸೊಸೆಯ ತವರಲ್ಲಿ ಅತ್ತೆ ಉಳಿದರೆ ಮಂದಿ ಏನಂದಾರು ಎಂದರು. ಅನ್ನಲಿ, ಎಣ್ಣೆ-ನೀರು ಹಾಕುವುದು ನನಗೊಬ್ಬಳಿಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. ಬಸ್ಸು ಹೊರಟಿತು.

ನವಲೂರು ದಾಟುವಷ್ಟರಲ್ಲಿ ಫೋನು ಬಂತು.

"ತೊಟ್ಟಿಲಾ ಯಾವ ಖೋಲ್ಯಾಗ ಕಟ್ಟತೀರಿ? ನನ್ನ ಹಾಸಿಗಿ ಅಲ್ಲೇ ಹಾಕ್ರಿ."

ಆಗಲಿ ಅಂದೆ. ಆ ಖೋಲಿಯಲ್ಲಿ ನಾನು ಮಲಗಬೇಕೆಂದಿದ್ದೆ.