ಹೂಂ ಅನ್ನಲು ಒಬ್ಬರು

ಬೇಸಿಗೆ ಬಂತೆಂದರೆ ದಾವಣಗೆರೆಯಲ್ಲಿ ಗೋಡೆಗಳೂ ಬೆವರುತ್ತವೆ. ಹೋದ ವಾರ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಬೀರುವಿನ ಮೇಲೆ ಕೈಯಾಡಿಸಿ, ಧೂಳು ಹಿಡಿದಿದ್ದ ಬಿದಿರಿನ ಬೀಸಣಿಗೆಯೊಂದನ್ನು ಇಳಿಸಿದೆ. ಬೀಸಿಕೊಂಡೆನೋ ಇಲ್ಲವೋ, ಅದನ್ನು ಹರಿಹರದ ಸಂತೆಯಲ್ಲಿ ಕೊಂಡು ನನ್ನ ಕೈಗಿತ್ತ ಅಮೆರಿಕದ ಪಾದ್ರಿ, ನಮ್ಮೆಲ್ಲರ ಅಯ್ಯನವರು ನೆನಪಾದರು. "ನಮ್ಮ ಚರ್ಚಿನಲ್ಲಿ ಪ್ರತಿ ಹೆಂಗಸಿನ ಕೈಯಲ್ಲೂ ಇಂಥದ್ದು ಇರುತ್ತೆ. ಪಾದ್ರಿ ಮಾಡುವ ಪ್ರಸಂಗ ಚೆನ್ನಾಗಿದ್ದರೆ ಜೋರಾಗಿ ಬೀಸುತ್ತಾರೆ" ಎಂದಿದ್ದರು.

ಅವತ್ತೇ ಸಂಜೆ ನಮ್ಮ ಚರ್ಚ್ ಸಭೆಯ ಹಿರಿಯರಾದ ಯೋಹಾನಪ್ಪನವರ ಫೋನು ಬಂತು.

"ಅಮೆರಿಕದ ಅಯ್ನೋರು ತೀರ್ಕಂಡ್ರಂತ್ರಿ, ಮೇಡಂ. ಭಾನುವಾರ ಹರಿಹರದ ಚರ್ಚ್‌ನಾಗೆ ಸ್ಮರಣೆ ಕೂಟ ಐತೆ. ಅವರ ಮನ್ಯೋರು ಇಂಗ್ಲಿಷ್‌ನಾಗೆ ಏನೋ ಕಳ್ಸ್ಯಾರೆ, ನೀವು ಅದನ್ನ ಕನ್ನಡದಾಗೆ ಓದಿಬಿಡ್ರಿ. ಮಾತಾಡಾದು ನಾವು ಮಾತಾಡ್ತೀವಿ."

ಅತ್ತುಬಿಡೋಣ ಅನ್ನುವಷ್ಟರಲ್ಲಿ ಆ ಕೊನೆಯ ಮಾತು ಚುಚ್ಚಿತು. ನಮ್ಮ ಸಭೆಯಲ್ಲಿ ಹೆಂಗಸರು ಹಾಡಬಹುದು, ಹೂ ಜೋಡಿಸಬಹುದು, ಪ್ರಸಂಗ ಮಾತ್ರ ಮಾಡುವಂತಿಲ್ಲ. ಹಾಗಂತ ನಾನು ಪ್ರಸಂಗಪೀಠ ಹತ್ತಿಲ್ಲವೆಂದಲ್ಲ. ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದೆನಲ್ಲ, ಅಯ್ಯನವರು ಇಲ್ಲಿದ್ದಷ್ಟು ಕಾಲ ಅವರ ಪಕ್ಕದಲ್ಲಿ ನಿಂತು ಕನ್ನಡ ಮಾಡಿದವಳು ನಾನೇ. ಅವರ ಮಾತು ನನ್ನ ಬಾಯಿಂದ ಬಂದರೆ ದೇವರ ವಾಕ್ಯ. ನನ್ನ ಮಾತೇ ಬಂದರೆ ಅಧಿಕಪ್ರಸಂಗ. ಯೋಹಾನಪ್ಪನವರು ಕೆಟ್ಟವರಲ್ಲ, ಯಾರಿಗೆ ಜ್ವರ ಬಂದರೂ ಮೊದಲು ಗಂಜಿ ಬರುವುದು ಅವರ ಮನೆಯಿಂದಲೇ. ಆದರೆ ಹಿಡಿದ ಪಟ್ಟು ಬಿಡುವ ಜಾಯಮಾನ ಅವರದಲ್ಲ.

ಎಷ್ಟೋ ವರ್ಷಗಳ ಹಿಂದೆ ಅಯ್ಯನವರು ಬಂದದ್ದು ಹಳ್ಳಿಗಳ ಉಪದೇಶಿಗಳಿಗೆ ಪ್ರಸಂಗ ಮಾಡುವುದನ್ನು ಕಲಿಸಲು. ಅವರ ಅಜ್ಜ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿದವರು. ಕುಕ್ಕುವಾಡದ ದಾರಿಯಲ್ಲಿ ಒಂದು ಹತ್ತಿ ಹೊಲ ಕಂಡಾಗ ಕಾರು ನಿಲ್ಲಿಸಿ ಇಳಿದು, ಒಂದು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ್ದರು. ಕಪ್ಪು ಮೈಬಣ್ಣ ನೋಡಿ ಇವರನ್ನು ಸೇರಿಸಿಕೊಳ್ಳದ, ಪಾದ್ರಿಗಳನ್ನು ತಯಾರು ಮಾಡುವ ಒಂದು ವೇದಶಾಸ್ತ್ರದ ಕಾಲೇಜಿತ್ತಂತೆ. ಕೊನೆಗೆ ಅಲ್ಲೇ ಮೇಷ್ಟ್ರಾದರು. "ಸೇಡಿಗೆ ಹೋಗಲಿಲ್ಲ. ಬಾಗಿಲು ಮತ್ತೆ ಮುಚ್ಚದ ಹಾಗೆ ಹೊಸ್ತಿಲ ಮೇಲೆ ಕೂತುಕೊಂಡೆ" ಎಂದರು. ಹೊಸ್ತಿಲ ಮೇಲೆ ಕೂರಬಾರದು ಅಂತ ನಮ್ಮಲ್ಲಿ ಶಾಸ್ತ್ರ ಇದೆ ಎಂದೆ. "ಅದಕ್ಕೇ ಕೂರಬೇಕು" ಎಂದು ನಕ್ಕರು.

ಕುಕ್ಕುವಾಡದಲ್ಲಿ ಉಪದೇಶಿಯ ಹೆಂಡತಿ ಶಾಂತವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, "ಅಮೆರಿಕದೋರು ಬೆಳ್ಳಗಿರ್ತಾರೆ ಅಂತಿದ್ರಲ್ರೀ, ಇವ್ರು ನಮ್ಮಂಗೇ ಅದಾರಲ್ಲ" ಎಂದಳು. ಕನ್ನಡವನ್ನು ಇಂಗ್ಲಿಷಿಗೆ ತರಲು ನಾನು ತಡವರಿಸುವಷ್ಟರಲ್ಲಿ ಅವರು ಅರ್ಥವಾದವರಂತೆ ತಲೆದೂಗಿದ್ದರು. ಊಟದ ಮೇಲೆ ಆಕೆ ಮಕ್ಕಳಿಗೆ ಕಥೆ ಹೇಳಲು ಕೂತಳು. ಮಧ್ಯದಲ್ಲಿ ಮಕ್ಕಳು ಸುಮ್ಮನಾದರು, ಕಥೆಯೂ ನಿಂತಿತು.

ಅಯ್ಯನವರು ಯಾಕೆಂದು ನನ್ನಿಂದ ಕೇಳಿಸಿದರು.

"ಹೂಂ ಅನ್ನೋರಿಲ್ಲ ಅಂದ್ರೆ ಯಾರಿಗ್ರೀ ಹೇಳಾದು, ಗ್ವಾಡಿಗಾ?" ಎಂದಳು ಶಾಂತವ್ವ.

ಅಯ್ಯನವರ ಕಣ್ಣು ತುಂಬಿ ಬಂತು. ಅವರ ತಾಯಿಯ ಚರ್ಚಿನಲ್ಲೂ ಹಾಗೇ ಅಂತೆ, ಜನ ದನಿಗೂಡಿಸದಿದ್ದರೆ ಪ್ರಸಂಗ ಮುಂದಕ್ಕೆ ಹೋಗುವುದಿಲ್ಲ. ಮರುದಿನದಿಂದ ಹರಿಹರದಲ್ಲಿ ಉಪದೇಶಿಗಳಿಗೆ ನಡೆಯುತ್ತಿದ್ದ ತರಗತಿಯಲ್ಲಿ ಹೊಸ ಪದ್ಧತಿ ಶುರುವಾಯಿತು. ಒಬ್ಬ ಪ್ರಸಂಗ ಮಾಡಬೇಕು, ಇನ್ನೊಬ್ಬ ಎದುರು ಕೂತು ಹೂಂ ಅನ್ನಬೇಕು. ಹೂಂ ನಿಂತಿತೋ, ತಾನೇ ದಾರಿ ತಪ್ಪಿದ್ದೇನೆಂದು ತಿಳಿದು ಹಿಂದಿನ ಮಾತಿಗೆ ಹೋಗಬೇಕು. ಅಷ್ಟರವರೆಗೆ ಕಣ್ಣು ಮುಚ್ಚಿ ಒದರುತ್ತಿದ್ದವರೆಲ್ಲ ಕಣ್ಣು ಬಿಟ್ಟು ಎದುರಿನ ಮುಖ ನೋಡತೊಡಗಿದರು.

ಹೊರಡುವ ಮುಂಚಿನ ಭಾನುವಾರ ಅಯ್ಯನವರು ಪೀಠದ ಮೇಲೆ ನಿಂತು, "ಇಷ್ಟು ದಿನ ಈಕೆ ನನ್ನ ಮಾತು ಹೇಳಿದಳು. ಇವತ್ತು ಈಕೆಯ ಮಾತು, ನನ್ನದು ಹೂಂ" ಎಂದು ಇಳಿದು ಮುಂದಿನ ಬೆಂಚಿನಲ್ಲಿ ಕೂತುಬಿಟ್ಟರು. ಇದನ್ನೂ ನಾನೇ ಕನ್ನಡ ಮಾಡಬೇಕಾಯಿತು, ನನ್ನ ಫಜೀತಿ ನೋಡಿ. ನಾನು ಬಾಯಿ ತೆರೆಯುವ ಮೊದಲೇ ಯೋಹಾನಪ್ಪನವರು ಹಾಡು ಎತ್ತಿಕೊಂಡರು. ಸಭೆ ಎದ್ದು ದನಿಗೂಡಿಸಿತು. ನಾನು ಇಳಿದು ಬಂದೆ.

ಹೊರಗೆ ಬೇವಿನ ಮರದ ಕೆಳಗೆ ಈ ಬೀಸಣಿಗೆ ಕೊಡುತ್ತಾ ಅಯ್ಯನವರು ಹೇಳಿದ್ದು ಇಷ್ಟೇ: "ಹಾಡಿಗೆ ಕೊನೆ ಅಂತ ಇರುತ್ತೆ. ಮುಗಿಯುವ ತನಕ ನಿಂತಿರು."

ಈ ಭಾನುವಾರ ಬೀಸಣಿಗೆಯನ್ನು ಚೀಲದಲ್ಲಿಟ್ಟುಕೊಂಡೇ ಹರಿಹರದ ಬಸ್ಸು ಹತ್ತಿದೆ. ಚರ್ಚಿನಲ್ಲಿ ಶಾಂತವ್ವ ಕಂಡಳು. ಕೂದಲು ನರೆತಿದೆ, ಸೆಖೆಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಬೀಸಣಿಗೆ ಅವಳ ಕೈಗೆ ಕೊಟ್ಟೆ. ಸರದಿ ಬಂದಾಗ ಪೀಠ ಹತ್ತಿ, ಮನೆಯವರು ಕಳಿಸಿದ್ದನ್ನು ಓದಿ ಮುಗಿಸಿದೆ, ಇಳಿಯಲಿಲ್ಲ. "ಇನ್ನು ನನ್ನ ಮಾತು" ಎಂದೆ.

ಯೋಹಾನಪ್ಪನವರು ಹಾಡು ಎತ್ತಿಕೊಂಡರು. ಪೀಠದ ಅಂಚು ಹಿಡಿದು ನಿಂತೆ. ಹಾಡು ಮುಗಿಯಿತು. ಇನ್ನೊಂದು ಎತ್ತಿಕೊಂಡರು. ಅದಕ್ಕೂ ಕೊನೆ ಇತ್ತು. ಮೂರನೆಯದಕ್ಕೆ ಅವರ ಜೊತೆ ಯಾರೂ ಬಾಯಿ ತೆರೆಯಲಿಲ್ಲ.

"ಅವರನ್ನು ಒಳಗೆ ಬಿಡದ ಒಂದು ಕಾಲೇಜಿತ್ತು" ಎಂದೆ.

ಯಾರೂ ಉಸಿರೆತ್ತಲಿಲ್ಲ. ಎದುರಿನ ಮುಖಗಳನ್ನು ಒಂದೊಂದಾಗಿ ನೋಡಿದೆ. ಆಗ ಹೆಂಗಸರ ಕಡೆಯಿಂದ, ಕಟ್ಟೆಯ ಮೇಲೆ ಕೂತು ಕೇಳುವವಳಷ್ಟು ಸಲೀಸಾಗಿ, ಶಾಂತವ್ವ ಅಂದಳು:

"ಹೂಂ. ಆಮ್ಯಾಲೆ?"

ಆಮೇಲಿನದನ್ನೆಲ್ಲ ಹೇಳಿದೆ. ಇಳಿದು ಬಂದಾಗ ಯೋಹಾನಪ್ಪನವರು ಮುಖ ತಿರುಗಿಸಿದರು, ತಿರುಗಿಸಲಿ. ಇವತ್ತೂ ಕರೆಂಟಿಲ್ಲ, ನ್ಯೂಸ್‌ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ಬೀಸಣಿಗೆ ಶಾಂತವ್ವನ ಹತ್ತಿರವೇ ಇದೆ. ವಾಪಸ್ ಕೊಡಲು ಬಂದವಳಿಗೆ, ಬರುವ ಭಾನುವಾರವೂ ನನಗೆ ಹೂಂ ಅನ್ನೋರು ಬೇಕು, ತಗೊಂಡು ಬಾ, ಮುಂದಿನ ಬೆಂಚಿನಲ್ಲಿ ಕೂತ್ಕೋ ಎಂದಿದ್ದೇನೆ.